ಕಾರು ಮಾರುವ ಮುಂಚೆ 14 ಸಾವಿರ ಕೊಟ್ಟು ಕ್ಲಚ್ ಹಾಕಿಸಬೇಕಾ?
ಹುಮನಾಬಾದ್ ದಾರಿಯ ಏರಿನಲ್ಲಿ ಎಂಜಿನ್ ಅರಚುತ್ತೆ, ವೇಗ ಏರಲ್ಲ ಅಂದಿದ್ದೀರಿ. ಕ್ಲಚ್ ಪ್ಲೇಟ್ ಸವೆದಿರಬೇಕು. ಕೇಬಲ್ ಜಾಸ್ತಿ ಬಿಗಿಯಾಗಿದ್ದರೂ ಹೀಗೇ ಆಗುತ್ತೆ, ಅದನ್ನೇ ಮೊದಲು ನೋಡಿ. ಕ್ಲಚ್ ಪೆಡಲನ್ನು ಬೆರಳಿಂದ ಒತ್ತಿದಾಗ ಶುರುವಿನಲ್ಲಿ ಸ್ವಲ್ಪವೂ ಆಟ (ಬಿಗಿಯಾಗುವ ಮುಂಚಿನ ಸಡಿಲ ಚಲನೆ) ಇಲ್ಲದಿದ್ದರೆ ಕೇಬಲ್ ಸಡಿಲ ಮಾಡಿಸಿ. ಆಮೇಲೆ ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಹೋಗಿದೆ.

ಆಗಲೂ ಅವಸರ ಬೇಡ. ಕಲಬುರಗಿಯಲ್ಲೇ ಇಬ್ಬರು ಡೀಲರ್‌ಗಳ ಹತ್ರ ಎರಡು ರೇಟು ಕೇಳಿ: ಇದ್ದ ಹಾಗೆ ಎಷ್ಟು, ಕ್ಲಚ್ ಹೊಸದಾದರೆ ಎಷ್ಟು. ವ್ಯತ್ಯಾಸ 14 ಸಾವಿರ ದಾಟದಿದ್ದರೆ ಇದ್ದ ಹಾಗೇ ಕೊಡಿ, ದೋಷ ಹೇಳಿಯೇ ಕೊಡಿ. ನಾನು ಸುಮ್ನೆ ಹಾಕಿಸಿ ಮಾರಿದ್ದೆ. ಕೊಂಡವರು ನೋಡಿದ್ದು ಟೈರು ಮಾತ್ರ! ಮಾರಾಟ ತಡವಾಗಿ, ದಿನಾ ಓಡಿಸಲೇಬೇಕಾದರೆ ಮಾತ್ರ ಹಾಕಿಸಿ.