ತೋಟದ ಕೆಂಪು ಹಕ್ಕಿ ಕ್ರಾಸ್‌ಬಿಲ್ ಹೌದೇ ಎಂಬ ಪ್ರಶ್ನೆಗೆ

ಮಡಿಕೇರಿ ಸಮೀಪದ ತಮ್ಮ ಕಾಫಿ ತೋಟದ ಬಿದಿರು ಮೆಳೆಯಲ್ಲಿ ಜನವರಿಯಲ್ಲಿ ಕಂಡ ದಪ್ಪ ಕೊಕ್ಕಿನ ಕೆಂಪು ಹಕ್ಕಿ, ಪೈನ್‌ನಂಥ ಮರಗಳ ಬೀಜ ತಿನ್ನುವ ಕ್ರಾಸ್‌ಬಿಲ್ ಇರಬಹುದೇ, ಪೈನ್ ಸಸಿ ನೆಟ್ಟರೆ ಅದು ವರ್ಷವೂ ಬಂದೀತೇ ಎಂದು ಕೇಳಿದ್ದೀರಿ. ಚಿತ್ರ ಮಸುಕಾಗಿದ್ದರೂ ಹೊಟ್ಟೆಯ ಬಿಳುಪು ಕಾಣುತ್ತಿರುವುದರಿಂದ, ಇದು ಚಳಿಗಾಲಕ್ಕೆ ನಮ್ಮತ್ತ ವಲಸೆ ಬರುವ ಸಾಮಾನ್ಯ ರೋಸ್‌ಫಿಂಚ್ ಗಂಡು ಎಂದೇ ನನ್ನ ಅಭಿಪ್ರಾಯ. ಗಂಡು ಕ್ರಾಸ್‌ಬಿಲ್ಲಿನ ಇಟ್ಟಿಗೆ ಕೆಂಪು ಎದೆಯಿಂದ ಹೊಟ್ಟೆಯವರೆಗೂ ಹರಡಿರುತ್ತದೆ. ಅದರ ಹೆಣ್ಣು ಹಸಿರು ಮಿಶ್ರಿತ ಹಳದಿ, ರೋಸ್‌ಫಿಂಚ್ ಹೆಣ್ಣು ಗೀರುಗಳಿರುವ ಕಂದು.

ಬಣ್ಣಕ್ಕಿಂತ ಕೊಕ್ಕನ್ನು ನಂಬುವುದು ಲೇಸು. ಕ್ರಾಸ್‌ಬಿಲ್ಲಿನ ಮೇಲಿನ ಮತ್ತು ಕೆಳಗಿನ ಕೊಕ್ಕಿನ ತುದಿಗಳು ಒಂದನ್ನೊಂದು ದಾಟಿ ಅಡ್ಡ ಬರುತ್ತವೆ. ಕೆಲವು ಹಕ್ಕಿಗಳಲ್ಲಿ ಕೆಳಗಿನ ತುದಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಮೊಟ್ಟೆಯೊಡೆದು ಬಂದಾಗ ಮರಿಯ ಕೊಕ್ಕು ನೇರವಾಗಿಯೇ ಇದ್ದು, ಗೂಡು ಬಿಟ್ಟ ಮೇಲೆ ಕ್ರಮೇಣ ಅಡ್ಡವಾಗುತ್ತದೆ. ಪೈನ್‌ನಂಥ ಮರಗಳು ಬಿಡುವ, ಇನ್ನೂ ಮುಚ್ಚಿಕೊಂಡಿರುವ ಶಂಕುಕಾಯಿಯ ಎರಡು ಪದರಗಳ ಸಂದಿಗೆ ಹಕ್ಕಿ ಈ ತುದಿಯನ್ನು ತೂರಿಸಿ, ಕೆಳಗಿನ ಕೊಕ್ಕನ್ನು ಪಕ್ಕಕ್ಕೆ ಸರಿಸಿ ಪದರವನ್ನು ಮೀಟಿ ಎತ್ತುತ್ತದೆ. ಒಳಗಿನ ಬೀಜವನ್ನು ನಾಲಿಗೆಯಿಂದ ಎಳೆದುಕೊಳ್ಳುತ್ತದೆ. ಮರಿಗಳಿಗೂ ಮುಖ್ಯವಾಗಿ ಬೀಜವನ್ನೇ ಉಣಿಸುವುದರಿಂದ, ಕಾಯಿ ಹೇರಳವಾಗಿದ್ದರೆ ಹಿಮ ಬೀಳುವ ಕಾಲದಲ್ಲೂ ಗೂಡು ಕಟ್ಟುತ್ತದೆ. ಕಾಯಿ ಮುಗಿದರೆ ಇಡೀ ಗುಂಪು ಬೇರೆ ಕಾಡಿಗೆ ಹೊರಟುಬಿಡುತ್ತದೆ.

ಭಾರತದಲ್ಲಿ ಇದರ ನೆಲೆ ಹಿಮಾಲಯದ ಎತ್ತರದ ಸೂಚಿಪರ್ಣಿ (ಪೈನ್‌ನಂತೆ ಶಂಕುಕಾಯಿ ಬಿಡುವ ಮರಗಳ) ಕಾಡುಗಳು, ಅದರಲ್ಲೂ ಹೆಮ್ಲಾಕ್ ಎಂಬ ಸೂಚಿಪರ್ಣಿ ಮರ ಇರುವ ಕಡೆ. ಸಾಮಾನ್ಯವಾಗಿ 2,700 ಮೀಟರಿಗಿಂತ ಮೇಲೆ. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳು 1,748 ಮೀಟರ್ ಮಾತ್ರ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಸೂಚಿಪರ್ಣಿ ಜಾತಿಯಲ್ಲ, ಶಂಕುಕಾಯಿಯಂತೆ ತೋರುವ ಕಾಯಿ ಬಿಡುವ ಗಾಳಿಮರವೂ ಸೂಚಿಪರ್ಣಿಯಲ್ಲ.

ಆದ್ದರಿಂದ ಪೈನ್ ನೆಡುವ ಯೋಚನೆಯನ್ನು ಬಿಡುವುದು ಒಳ್ಳೆಯದು. ಹಕ್ಕಿಯೂ ಬರುವುದಿಲ್ಲ, ಒಳ್ಳೆಮೆಣಸು ಹಬ್ಬಿಸಲು ಈಗಿರುವ ಮರಗಳೇ ಸಾಕು. ಬದಲಿಗೆ ಬೇಲಿಯಂಚಿನ ಬಿದಿರು ಮೆಳೆಗಳನ್ನು ಉಳಿಸಿಕೊಳ್ಳಿ, ಏಕೆಂದರೆ ರೋಸ್‌ಫಿಂಚ್‌ಗೆ ಬಿದಿರಕ್ಕಿ ಬಹಳ ಇಷ್ಟ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಅಂಚಿನ ಹುಲ್ಲನ್ನೂ ಪೂರ್ತಿ ಸವರಿಸಬೇಡಿ. ಮುಂದಿನ ಬಾರಿ ಹಕ್ಕಿ ಕಂಡಾಗ ಕೊಕ್ಕಿನ ಚಿತ್ರವನ್ನು ಪಕ್ಕದಿಂದಲೂ ಎದುರಿನಿಂದಲೂ ತೆಗೆದು, ಅದು ಯಾವ ಗಿಡದ ಬೀಜ ತಿನ್ನುತ್ತಿತ್ತು ಎಂಬುದನ್ನೂ ಬರೆದು ಇಲ್ಲಿ ಹಾಕಿ.