ಬಿಎಸ್ಸಿ ಬಯೋಟೆಕ್ನಾಲಜಿ: ಮಣ್ಣಿನ ಬ್ಯಾಕ್ಟೀರಿಯಾ ಎಣಿಸುವ ಪ್ರಾಕ್ಟಿಕಲ್‌ನಲ್ಲಿ ಲೆಕ್ಕ ಏಕೆ ಕೂಡುವುದಿಲ್ಲ?

ಥಿಯರಿ ಬಂದರೂ, ಮಾದರಿಯನ್ನು ಹಂತ ಹಂತವಾಗಿ ತೆಳುಗೊಳಿಸುವ ಸೀರಿಯಲ್ ಡೈಲ್ಯೂಷನ್‌ನಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. ತಪ್ಪು ಹೆಚ್ಚಾಗಿ ಕೈಯಲ್ಲಿರುತ್ತದೆ, ಸೂತ್ರದಲ್ಲಲ್ಲ.

1 ಗ್ರಾಂ ಮಣ್ಣನ್ನು 9 ಮಿ.ಲೀ. ಸ್ಟೆರೈಲ್ ಸಲೈನ್‌ಗೆ ಹಾಕಿ ಚೆನ್ನಾಗಿ ಕಲಕಿ, ಇದು 10⁻¹, ಅಂದರೆ ಹತ್ತು ಪಟ್ಟು ತೆಳು. ಇದರಿಂದ 1 ಮಿ.ಲೀ. ತೆಗೆದು ಮುಂದಿನ 9 ಮಿ.ಲೀ. ಟ್ಯೂಬ್‌ಗೆ, ಹೀಗೆ 10⁻⁶ರವರೆಗೆ. ಪ್ರತಿ ಹಂತಕ್ಕೂ ಹೊಸ ಪಿಪೆಟ್ ಟಿಪ್ ಬೇಕು. ಹಳೆಯದನ್ನೇ ಬಳಸಿದರೆ ಅದರ ಗೋಡೆಗೆ ಅಂಟಿದ ದಟ್ಟ ದ್ರವ ಮುಂದಿನ ಟ್ಯೂಬ್‌ಗೂ ಹೋಗಿ ಸಂಖ್ಯೆ ಸುಮ್ಮನೆ ಏರುತ್ತದೆ. ಕಲಕದೆ ತೆಗೆದರೂ ಕಷ್ಟವೇ: ಮಣ್ಣಿನ ಕಣಗಳ ಜೊತೆ ಬ್ಯಾಕ್ಟೀರಿಯಾ ತಳ ಸೇರಿರುತ್ತವೆ.

ಕೊನೆಯ ಮೂರು ಡೈಲ್ಯೂಷನ್‌ಗಳಿಂದ ತಲಾ 0.1 ಮಿ.ಲೀ. ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್) ಪ್ಲೇಟ್ ಮೇಲೆ ಹರಡಿ. ಸ್ಪ್ರೆಡರ್ ಜ್ವಾಲೆಯಿಂದ ತೆಗೆದ ಕೂಡಲೇ ಮುಟ್ಟಿಸಿದರೆ ಎಷ್ಟೋ ಕೋಶಗಳು ಅಲ್ಲೇ ಸುಟ್ಟುಹೋಗುತ್ತವೆ. ಅಗಾರ್‌ನ ಅಂಚಿಗೆ ತಾಗಿಸಿ ತಣಿಸಿಕೊಳ್ಳಿ. ಪ್ಲೇಟ್‌ಗಳನ್ನು ಬೋರಲಾಗಿಡಿ. ಇಲ್ಲವಾದರೆ ಮುಚ್ಚಳದ ನೀರು ತೊಟ್ಟಿಕ್ಕಿ ಕಾಲೊನಿಗಳು (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳು) ಒಂದರೊಳಗೊಂದು ಹರಿಯುತ್ತವೆ. 30 ಡಿಗ್ರಿಯಲ್ಲಿ 24ರಿಂದ 48 ಗಂಟೆ ಸಾಕು.

30ರಿಂದ 300 ಕಾಲೊನಿ ಇರುವ ಪ್ಲೇಟ್ ಮಾತ್ರ ಲೆಕ್ಕಕ್ಕೆ. 10⁻⁵ ಪ್ಲೇಟ್‌ನಲ್ಲಿ 84 ಬಂದಿದೆ ಎನ್ನಿ: 84 × 10⁵ ÷ 0.1 = 8.4 × 10⁷, ಅಂದರೆ ಗ್ರಾಂಗೆ 8 ಕೋಟಿ 40 ಲಕ್ಷ ಸಿಎಫ್‌ಯು (ಕಾಲೊನಿ ಫಾರ್ಮಿಂಗ್ ಯೂನಿಟ್, ಕಾಲೊನಿ ಹುಟ್ಟಿಸುವ ಘಟಕ). ಆ 0.1ರಿಂದ ಭಾಗಿಸುವುದನ್ನು ಮರೆತರೆ ಉತ್ತರ ಹತ್ತು ಪಟ್ಟು ಕಡಿಮೆ. ರೆಕಾರ್ಡ್ ಪುಸ್ತಕದಲ್ಲಿ ‘ಬ್ಯಾಕ್ಟೀರಿಯಾ ಸಂಖ್ಯೆ’ ಎಂದು ಬರೆಯಬೇಡಿ, ಸಿಎಫ್‌ಯು ಎಂದೇ ಬರೆಯಿರಿ: ಒಂದು ಕಾಲೊನಿ ಒಂದೇ ಕೋಶದಿಂದ ಹುಟ್ಟಿರಬೇಕೆಂದಿಲ್ಲ, ವೈವಾದಲ್ಲಿ ಇದನ್ನು ಕೇಳುವುದುಂಟು.