ಓದುಗರ ಪ್ರಶ್ನೆ: ಕಪ್ಪೆಚಿಪ್ಪು ಉಣ್ಣುವುದು ಹೇಗೆ?

ಪ್ರಶ್ನೆ: ಸಮುದ್ರದ ತಳದಲ್ಲಿ ಕದಲದೆ ಕೂರುವ ಕಪ್ಪೆಚಿಪ್ಪು, ಬಂಡೆಗಂಟಿ ಬದುಕುವ ಸಿಗಡಿ ಬಳಗದ ಬಾರ್ನಕಲ್‌ಗಳಿಗೆ ತೇಲಾಡುವ ಸೂಕ್ಷ್ಮಜೀವಿಗಳ ರಾಶಿಯಾದ ಪ್ಲವಕ ಹೇಗೆ ಸಿಗುತ್ತದೆ? ಕಡಲು ಕಾಣದ ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಬಹುದೇ?
— ಶಿಕ್ಷಕಿ, ಗಂಗಾವತಿ

ಉತ್ತರ: ಆಳ ಕಡಿಮೆ ಇರುವಲ್ಲಿ ಗಾಳಿ, ಅಲೆ, ಭರತ–ಇಳಿತಗಳು ನೀರನ್ನು ತಳದವರೆಗೂ ಕಲಕುತ್ತವೆ. ಬಿಸಿಲಿಗೆ ಮೇಲೆ ಬೆಳೆದ ಸೂಕ್ಷ್ಮ ಪಾಚಿ ಹೀಗೆ ಕೆಳಗೂ ಬರುತ್ತದೆ. ಬಾರ್ನಕಲ್ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಗರಿಯಂಥ 6 ಜೊತೆ ಕಾಲುಗಳಿಂದ ಅದನ್ನು ಬಾಚಿಕೊಳ್ಳುತ್ತದೆ.

ಕಪ್ಪೆಚಿಪ್ಪಿನ ಕಸುಬೇ ಬೇರೆ. ಅದಕ್ಕೆ ಕಿವಿರೇ ಜರಡಿ. ಕಿವಿರಿನ ಎಳೆಗಳ ಪಕ್ಕದ ಲೋಮಾಂಗಗಳು (ಕೂದಲಿನಂಥ ಸೂಕ್ಷ್ಮ ಎಳೆಗಳು) ಬಡಿದು ನೀರನ್ನು ಒಳಗೆಳೆಯುತ್ತವೆ, ಇನ್ನೊಂದು ಸಾಲಿನವು ಕಣಗಳನ್ನು ತಡೆಯುತ್ತವೆ. ಲೋಳೆಗೆ ಅಂಟಿದ ಕಣಗಳು ಅಂಚಿನ ತೋಡಿನಲ್ಲಿ ಬಾಯಿಯತ್ತ ಸಾಗುತ್ತವೆ. ಬಾಯಿಯ ಪಕ್ಕದ ಮಡಿಕೆಗಳು ಅವನ್ನು ಹಸನು ಮಾಡುತ್ತವೆ. ಬೇಡದ ಮಣ್ಣು ಹೊಟ್ಟೆಗಿಳಿಯದೆ ಲೋಳೆಯುಂಡೆಯಾಗಿ ಹೊರಬೀಳುತ್ತದೆ. ಅದನ್ನು ಹಿಕ್ಕೆ ಅಂದುಕೊಳ್ಳಬೇಡಿ. 5 ಸೆಂ.ಮೀ. ಉದ್ದದ ಕಡಲ ಚಿಪ್ಪೊಂದು ಗಂಟೆಗೆ 1 ಲೀಟರಿಗೂ ಹೆಚ್ಚು ನೀರು ಸೋಸಬಲ್ಲದು.

ತೋರಿಸಲು ಕಾರವಾರಕ್ಕೆ ಹೋಗಬೇಕಿಲ್ಲ. ಕೆರೆ, ಕಾಲುವೆ ಕೆಸರಿನ ಸಿಹಿನೀರ ಚಿಪ್ಪೂ ಹೀಗೆಯೇ ಉಣ್ಣುತ್ತದೆ. ಎರಡು ಗಾಜಿನ ತೊಟ್ಟಿಗಳಲ್ಲಿ ತೊಳೆದ ಮರಳು 3 ಇಂಚು ಹಾಕಿ, ಒಂದೇ ಕೆರೆಯ ಹಸಿರು ನೀರನ್ನು 3 ಲೀಟರ್‌ನಂತೆ ತುಂಬಿ. ಒಂದರಲ್ಲಿ ಮಾತ್ರ ಜೀವಂತ ಚಿಪ್ಪು ಬಿಡಿ. ಎರಡನೆಯ ತೊಟ್ಟಿ ಬೇಕೇ ಬೇಕು: ಕೆಸರು ತಾನಾಗಿ ತಳ ಸೇರಿದರೂ ನೀರು ತಿಳಿಯಾಗುತ್ತದೆ, ಆ ಕೀರ್ತಿ ಚಿಪ್ಪಿಗೆ ಹೋಗಬಾರದು. ಹಿಂದೆ ಬಿಳಿ ಹಾಳೆ ಇಟ್ಟು ಸಂಜೆ ಹೋಲಿಸಿ.

ಚಿಪ್ಪು ಬಾಯಿಬಿಟ್ಟ ಮೇಲೆ ಹಿಂತುದಿಯಲ್ಲಿ ಎರಡು ಕಿಂಡಿ ಕಾಣುತ್ತವೆ. ಅಂಚಿಗೆ ಕುಚ್ಚಿರುವ ಕೆಳಗಿನ ಕಿಂಡಿಯ ಬಳಿ ಡ್ರಾಪರಿನಿಂದ ಒಂದು ಹನಿ ತಿಂಡಿ ಬಣ್ಣ ಬಿಡಿ. ಅದು ಒಳಗೆ ಸೇರಿ, ಮೇಲಿನ ಕಿಂಡಿಯಿಂದ ಬರುತ್ತದೆ. ಹಾಲು ಹಾಕುವವರಿದ್ದಾರೆ, ಬೇಡ, ನೀರು ಕೊಳೆಯುತ್ತದೆ. ನಲ್ಲಿ ನೀರಿನ ಕ್ಲೋರಿನ್‌ಗೂ, ಮೇಜು ಅಲುಗಿದರೂ ಚಿಪ್ಪು ಮುಚ್ಚಿಕೊಳ್ಳುತ್ತದೆ. ಆಗ ಕಾಯುವುದೊಂದೇ ದಾರಿ. ನಮ್ಮ ಬಿಸಿಲಿಗೆ ತೊಟ್ಟಿ ನೆರಳಲ್ಲೇ ಇರಲಿ. ಮುಟ್ಟಿದರೂ ಮುಚ್ಚದೆ ಬಾಯಿ ತೆರೆದೇ ಇದ್ದರೆ ಸತ್ತಿದೆ, ಕೂಡಲೇ ತೆಗೆಯಿರಿ. ಪಾಠ ಮುಗಿದ ಮೇಲೆ ತಂದಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ಮಳೆಗಾಲದ ಕೆಂಪು ನೀರಲ್ಲಿ ಅವಕ್ಕೆ ಉಪವಾಸವೇ?
— ಓದುಗರು, ಸಿಂಧನೂರು

ಉತ್ತರ: ಅರೆಹೊಟ್ಟೆ. ಮಣ್ಣು ಹೆಚ್ಚಾದಷ್ಟೂ ಲೋಳೆ ಸುರಿಸಿ ಅದನ್ನು ಹೊರಹಾಕುವುದರಲ್ಲೇ ಶಕ್ತಿ ಸೋರುತ್ತದೆ. ತೀರಾ ಮಿತಿಮೀರಿದರೆ ಚಿಪ್ಪು ಮುಚ್ಚಿ, ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ದಾಸ್ತಾನು ಕರಗಿಸಿಕೊಂಡು ದಿನ ದೂಡುತ್ತದೆ.